ಹೊಣೆ ಹೊರುವವನೇ ಕಲಾವಿದ

ಅಮೆರಿಕದ ಕೊಲರಾಡೊ ರಾಜ್ಯ ಮೇಳದ ಡಿಜಿಟಲ್ ಕಲಾ ವಿಭಾಗದಲ್ಲಿ 2022ರಲ್ಲಿ ಮೊದಲ ಬಹುಮಾನ ಪಡೆದದ್ದು ಮಿಡ್‌ಜರ್ನಿ ಎಂಬ ಕೃತಕ ಬುದ್ಧಿಮತ್ತೆ ತಂತ್ರಾಂಶದ ನೆರವಿನಿಂದ ತಯಾರಾದ ಚಿತ್ರ. ವರ್ಷಗಟ್ಟಲೆ ಕೈ ಪಳಗಿಸಿಕೊಂಡ ಡಿಜಿಟಲ್ ಕಲಾವಿದರಿಗೆ ಇನ್ನು ನಾವೇಕೆ ಚಿತ್ರ ಬರೆಯಬೇಕು ಎನ್ನಿಸಿದರೆ ಅಚ್ಚರಿಯಿಲ್ಲ. ಆದರೆ ಮರುವರ್ಷ ಅಲ್ಲಿನ ಹಕ್ಕುಸ್ವಾಮ್ಯ ಕಚೇರಿ ಅದೇ ಚಿತ್ರದ ನೋಂದಣಿಯನ್ನು ನಿರಾಕರಿಸಿತು. 2025ರ ಮಾರ್ಚ್‌ನಲ್ಲಿ ಮತ್ತೊಂದು ಪ್ರಕರಣದಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯವೂ ಹಕ್ಕುಸ್ವಾಮ್ಯಕ್ಕೆ ಮನುಷ್ಯ ಕರ್ತೃ ಇರಲೇಬೇಕು ಎಂದಿತು. ವೇಗದಲ್ಲಿ ಯಂತ್ರವನ್ನು ಸೋಲಿಸಲಾಗದು, ನಿಜ. ಆದರೆ ಏನನ್ನು ಚಿತ್ರಿಸಬೇಕು, ಏನನ್ನು ಬಿಡಬೇಕು, ಏಕೆ ಎಂದು ತೀರ್ಮಾನಿಸಿ ಅದಕ್ಕೆ ಹೊಣೆಯಾಗುವುದು ಕಲಾವಿದನ ಕೆಲಸ. ಉತ್ಸಾಹದ ಬೇರು ಇರಬೇಕಾದದ್ದು ಅಲ್ಲಿ.

ಕಾನೂನಿನ ಮನ್ನಣೆಯಿಂದ ಹೊಟ್ಟೆ ತುಂಬದು, ಅಗ್ಗದ ಚಿತ್ರ ಕ್ಷಣದಲ್ಲಿ ಸಿಗುವಾಗ ಗಿರಾಕಿ ಕಲಾವಿದನನ್ನು ಹುಡುಕಿ ಬರುವುದೇಕೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಛಾಯಾಗ್ರಹಣ ಬಂದಾಗಲೂ ಚಿತ್ರಕಲೆ ಸಾಯಲಿಲ್ಲ ಎಂಬ ಸಮಾಧಾನ ಅರ್ಧಸತ್ಯ. ಕ್ಯಾಮೆರಾ ಚಿತ್ರಕಾರರ ಕೃತಿಗಳನ್ನು ಉಂಡು ಬೆಳೆದದ್ದಲ್ಲ. ಆದರೆ ಮಿಡ್‌ಜರ್ನಿಯಂಥ ತಂತ್ರಾಂಶಗಳ ತರಬೇತಿಗೆ ತಮ್ಮ ಚಿತ್ರಗಳನ್ನು ಅನುಮತಿಯಿಲ್ಲದೆ ಬಳಸಲಾಗಿದೆ ಎಂದು ಕಲಾವಿದರು 2023ರಲ್ಲಿ ಅಮೆರಿಕದ ನ್ಯಾಯಾಲಯದ ಮೆಟ್ಟಿಲೇರಿದರು. ಹೀಗಾಗಿ ಧೃತಿಗೆಡಬೇಡಿ ಎಂಬ ಉಪದೇಶವೊಂದೇ ಸಾಲದು. ಕೆಲಸಕ್ಕೆ ಬೆಲೆ ಸಿಗುವಲ್ಲಿ ಹುಮ್ಮಸ್ಸೂ ಉಳಿಯುತ್ತದೆ. ಕನ್ನಡದ ಪ್ರಕಾಶಕರು, ಪತ್ರಿಕೆಗಳು, ಸರ್ಕಾರಿ ಇಲಾಖೆಗಳು ತಾವು ಬಳಸುವ ಚಿತ್ರಗಳಲ್ಲಿ ಯಂತ್ರದ ಪಾಲನ್ನು ಸ್ಪಷ್ಟವಾಗಿ ನಮೂದಿಸಲಿ. ಮನುಷ್ಯ ಬರೆದದ್ದಕ್ಕೆ ಹೆಸರನ್ನೂ ತಕ್ಕ ಸಂಭಾವನೆಯನ್ನೂ ಕೊಡಲಿ.