ಸೀರಿಯಲ್ ಸೆಟ್ ಸಿಟ್ಟು, ಪೆನಿಸಿಲಿನ್ ಲೆಕ್ಕ

ದೀಪಾವಳಿಗೆ ಮುಂಚೆ ಪುಣೆಯ ತಪಕೀರ್ ಗಲ್ಲಿಗೆ ಸೀರಿಯಲ್ ಸೆಟ್ ತರಲು ಹೋಗಿದ್ದೆ. ಒಂದು ಅಂಗಡಿಯ ಮುಂದೆ ‘ಇಲ್ಲಿ ಚೀನಾ ಮಾಲು ಇಲ್ಲ’ ಎಂದು ಮರಾಠಿಯಲ್ಲಿ ಬೋರ್ಡು. ಹಾಗಾದರೆ ಇದು ಎಲ್ಲಿಯದು ಎಂದು ಕೇಳಿದೆ. ಅಂಗಡಿಯವರು ನಕ್ಕರು: “ದಿಲ್ಲಿಯದು ದಾದಾ. ದಿಲ್ಲಿಗೆ ಎಲ್ಲಿಂದ ಬಂತೋ, ನಾನು ಕೇಳಲಿಲ್ಲ.”

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ದೇಶದ ಚೀನಾ ನೀತಿಯನ್ನು ಇಂಥ ಅಂಗಡಿಯವರ, ಗಿರಾಕಿಗಳ ತಲೆಗೆ ಕಟ್ಟಿ, ಅದನ್ನು ಹೊರಬೇಕಾದವರು ಆರಾಮಾಗಿದ್ದಾರೆ. ಸಿಟ್ಟು ಅವರ ಮೇಲೆ.

2020ರ ಜೂನ್ 15ರ ರಾತ್ರಿ ಗಲ್ವಾನ್ ಕಣಿವೆಯಲ್ಲಿ ನಮ್ಮ 20 ಸೈನಿಕರು ಸತ್ತರು. ಎರಡು ವಾರದಲ್ಲಿ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳಿಗೆ ನಿಷೇಧ ಬಿತ್ತು. ಬೀದಿಯಲ್ಲಿ ಟಿವಿ ಒಡೆದರು, ಬಹಿಷ್ಕಾರದ ಪ್ರತಿಜ್ಞೆ ಮಾಡಿದರು. ಈಗ ಲೆಕ್ಕ ನೋಡಿ. 2020-21ರಲ್ಲಿ ಚೀನಾ ಜತೆಗಿನ ನಮ್ಮ ವ್ಯಾಪಾರ ಕೊರತೆ ಸುಮಾರು 4,400 ಕೋಟಿ ಡಾಲರ್. 2024-25ರಲ್ಲಿ ಅದು 9,900 ಕೋಟಿ ಡಾಲರ್ ದಾಟಿತು. ಅಂದರೆ ಬಹಿಷ್ಕಾರದ ಕೂಗು ಎದ್ದ ನಾಲ್ಕೇ ವರ್ಷದಲ್ಲಿ ಎರಡು ಪಟ್ಟಿಗೂ ಹೆಚ್ಚು.

ಈ ಅಂಕಿ ತೋರಿಸಿ ಎದೆ ಬಡಿದುಕೊಳ್ಳುವವರ ಜತೆಗೂ ನಾನಿಲ್ಲ. ಕೊರತೆಯ ಮೊತ್ತ ಅಷ್ಟೇನೂ ಹೇಳುವುದಿಲ್ಲ. ನಾವು ತರಿಸುವುದರಲ್ಲಿ ಬಹುಪಾಲು ಬಿಡಿಭಾಗ, ಯಂತ್ರ, ರಾಸಾಯನಿಕ. ಅದನ್ನು ಬಳಸಿ ನಾವೂ ಮಾಲು ಮಾಡಿ ಮಾರುತ್ತೇವೆ. ಕೇಳಬೇಕಾದ್ದು ಬೇರೆ: ನಾಳೆ ಅವರು ನಲ್ಲಿ ಮುಚ್ಚಿದರೆ ನಮ್ಮಲ್ಲಿ ಏನೇನು ನಿಲ್ಲುತ್ತದೆ? ಸೀರಿಯಲ್ ಸೆಟ್ ಬರದಿದ್ದರೆ ಎಣ್ಣೆ ದೀಪ ಹಚ್ಚುತ್ತೇವೆ. ಔಷಧಿ ಬರದಿದ್ದರೆ?

ನಾನಿರುವ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಇದೆ. ಪೆನಿಸಿಲಿನ್‌ಗಾಗಿ ಪರದೇಶದ ಮುಂದೆ ಕೈಚಾಚಬಾರದೆಂದು 1954ರಲ್ಲಿ ಕಟ್ಟಿದ ಸರ್ಕಾರಿ ಕಾರ್ಖಾನೆ. ಆಮೇಲೆ ಚೀನಾದಿಂದ ಅಗ್ಗದ ಪೆನಿಸಿಲಿನ್-ಜಿ ಬರತೊಡಗಿತು. ಅದನ್ನು ಇಲ್ಲಿ ತಯಾರಿಸುವುದು ನಷ್ಟದ ಬಾಬತ್ತಾಗಿ ದೇಶದಲ್ಲೇ ನಿಂತುಹೋಯಿತು. ಮಕ್ಕಳ ಕಿವಿನೋವಿಗೂ ಗಂಟಲುನೋವಿಗೂ ಡಾಕ್ಟರು ಬರೆಯುವ ಅಮಾಕ್ಸಿಸಿಲಿನ್‌ನ ಮೂಲವಸ್ತು ಅದೇ. 2020ರ ಪ್ರೋತ್ಸಾಹಧನ ಯೋಜನೆಯಡಿ ಕಾಕಿನಾಡದಲ್ಲಿ ಮತ್ತೆ ಕಾರ್ಖಾನೆ ಶುರುವಾದದ್ದು 2024ರಲ್ಲಿ. ಇದು ಒಂದು ಪಕ್ಷದ ಪಾಪವಲ್ಲ. ಬಂದ ಸರ್ಕಾರಗಳೆಲ್ಲ ಅಗ್ಗದ ಬೆಲೆ ನೋಡಿ ಸುಮ್ಮನಿದ್ದವು.

ನಲ್ಲಿ ಮುಚ್ಚುವುದು ಬರೀ ಊಹೆಯಲ್ಲ. 2025ರ ಏಪ್ರಿಲ್‌ನಲ್ಲಿ ಚೀನಾ ಏಳು ಬಗೆಯ ವಿರಳ ಲೋಹಗಳ ಮತ್ತು ಅವುಗಳಿಂದ ಮಾಡುವ ಅಯಸ್ಕಾಂತಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಎಲೆಕ್ಟ್ರಿಕ್ ಸ್ಕೂಟರಿನ ಮೋಟರಿಗೆ ಬೇಕಾದ ಚಿಕ್ಕ ಅಯಸ್ಕಾಂತಕ್ಕೆ ನಮ್ಮ ವಾಹನ ಕಂಪನಿಗಳು ಪರದಾಡಿದವು. ಅಯಸ್ಕಾಂತವನ್ನು ಇಲ್ಲೇ ಮಾಡಲು ಕೇಂದ್ರ ಸಂಪುಟ 7,280 ಕೋಟಿ ರೂಪಾಯಿಯ ಯೋಜನೆ ಒಪ್ಪಿದ್ದು ಅದೇ ವರ್ಷದ ನವೆಂಬರ್‌ನಲ್ಲಿ. ಬಾಯಾರಿದ ಮೇಲೆ ಬಾವಿ ತೋಡುವುದು ಎಂದರೆ ಇದೇ.

ಹಾಗಾದರೆ ನಾಯಕರು ಮಾಡಬೇಕಾದ್ದೇನು? ಮೂರು ಪಟ್ಟಿ. ಒಂದು, ಎಷ್ಟೇ ಅಗ್ಗವಾದರೂ ಕೊಳ್ಳಬಾರದ್ದು: ಫೋನ್ ಜಾಲ, ವಿದ್ಯುತ್ ಜಾಲದ ನಿಯಂತ್ರಣ, ಸರ್ಕಾರಿ ಕಚೇರಿಯ ಕ್ಯಾಮೆರಾ. ಎರಡು, ಇಂದು ಕೊಳ್ಳದೆ ವಿಧಿಯಿಲ್ಲ, ಆದರೆ ಇಂಥ ವರ್ಷದೊಳಗೆ ಬಿಡಿಸಿಕೊಳ್ಳಬೇಕಾದ್ದು: ಔಷಧಿಯ ಮೂಲವಸ್ತು, ಅಯಸ್ಕಾಂತ. ಮೂರು, ಧಾರಾಳವಾಗಿ ಕೊಳ್ಳಬಹುದಾದ್ದು: ಆಟಿಕೆ, ದೀಪ, ಕಾರ್ಖಾನೆಯ ಯಂತ್ರ, ಅದನ್ನು ಕೂರಿಸಿ ಕಲಿಸುವ ಎಂಜಿನಿಯರ್ ಕೂಡ. ಮೊದಲ ಪಟ್ಟಿಯ ಕೆಲಸ ನಮಗೆ ಬಾರದ್ದೇನಲ್ಲ. 2021ರ ಜೂನ್‌ನಿಂದ ಫೋನ್ ಕಂಪನಿಗಳು ವಿಶ್ವಾಸಾರ್ಹ ಎಂದು ಒಪ್ಪಿದ ಮೂಲಗಳಿಂದಲೇ ಹೊಸ ಉಪಕರಣ ಕೊಳ್ಳಬೇಕೆಂಬ ನಿಯಮವಿದೆ. ಅದಕ್ಕಾಗಿ ಯಾರೂ ಟಿವಿ ಒಡೆಯಬೇಕಾಗಲಿಲ್ಲ.

ಪಟ್ಟಿಯಿಲ್ಲದಿದ್ದರೆ ಏನಾಗುತ್ತದೆಂದು ಬೆಂಗಳೂರಿನ ಹಳದಿ ಮೆಟ್ರೊ ತೋರಿಸಿತು. 2019ರಲ್ಲಿ ಬೋಗಿಗಳ ಗುತ್ತಿಗೆ ಚೀನಾದ ಸರ್ಕಾರಿ ಕಂಪನಿ ಸಿಆರ್‌ಆರ್‌ಸಿಗೆ ಹೋಯಿತು. 2020ರ ಏಪ್ರಿಲ್‌ನಲ್ಲಿ ನೆರೆದೇಶಗಳ ಹೂಡಿಕೆಗೆ ಪೂರ್ವಾನುಮತಿ ಬೇಕೆಂಬ ನಿಯಮ ಬಂತು, ಆಮೇಲೆ ಎಂಜಿನಿಯರುಗಳ ವೀಸಾ ತೊಡಕು, ಕೊನೆಗೆ ಕೋಲ್ಕತ್ತ ಕಡೆಯ ಟಿಟಾಗಢ್ ಕಂಪನಿಯ ಜತೆ ಕೂಡಾವಳಿ. ತಡಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಹಳಿ ಸಿದ್ಧವಿದ್ದೂ ರೈಲಿರಲಿಲ್ಲ. 2025ರ ಆಗಸ್ಟ್ 10ಕ್ಕೆ ಉದ್ಘಾಟನೆಯಾದಾಗ ಇದ್ದದ್ದು ಮೂರೇ ರೈಲು. ಇದರಿಂದ ಬೀಜಿಂಗಿಗೆ ಏನು ನೋವಾಯಿತೋ ನಾನರಿಯೆ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ನಿಂತವರಿಗೆ ಆಯಿತು.

ಗಡಿಯ ವಿಷಯಕ್ಕೆ ಬಂದರೆ ಮಾತೇ ಮಂಜು. ನನ್ನ ಹೊಟ್ಟೆಪಾಡು ಅನುವಾದ, ಹಾಗಾಗಿ ಹೇಳುತ್ತೇನೆ. ಎದುರುಬದುರು ನಿಂತ ತುಕಡಿಗಳು ಹಿಂದೆ ಸರಿಯುವುದು ಒಂದು. ಗಡಿಗೆ ತಂದ ಸೇನೆಯನ್ನು ವಾಪಸ್ ಕಳಿಸುವುದು ಇನ್ನೊಂದು. 2024ರ ಅಕ್ಟೋಬರ್‌ನಲ್ಲಿ ದೆಪ್ಸಾಂಗ್, ದೆಮ್ಚೋಕ್ ಬಗ್ಗೆ ಆದ ಒಪ್ಪಂದ ಮೊದಲನೆಯದರದ್ದು. ನಮ್ಮ ಪತ್ರಿಕೆ, ಟಿವಿಗಳು ಎರಡನ್ನೂ ‘ಸೇನೆ ವಾಪಸ್’ ಎಂದು ಒಂದೇ ಗೋಣಿಗೆ ತುಂಬಿದವು. ಓದಿದವರು ಎಲ್ಲ ಮುಗಿಯಿತೆಂದುಕೊಂಡರು.

ಇದನ್ನು ಬಿಡಿಸಿ ಹೇಳಬೇಕಾದ ಜಾಗ ಸಂಸತ್ತು. 1962ರಲ್ಲಿ ವಾಜಪೇಯಿ ಮೊದಲಾದ ವಿರೋಧ ಪಕ್ಷದವರು ಒತ್ತಾಯಿಸಿದಾಗ ನೆಹರೂ, ಯುದ್ಧ ನಡೆಯುತ್ತಿದ್ದಾಗಲೇ, ನವೆಂಬರ್ 8ಕ್ಕೆ ಅಧಿವೇಶನ ಕರೆದರು. ಸೋಲುತ್ತಿದ್ದ ಪ್ರಧಾನಿ ಕೂತು ಬೈಸಿಕೊಂಡರು. 2022ರ ಡಿಸೆಂಬರ್‌ನಲ್ಲಿ ತವಾಂಗ್ ಬಳಿ ಘರ್ಷಣೆಯಾದಾಗ ರಕ್ಷಣಾ ಸಚಿವರ ಹೇಳಿಕೆ ಬಂತು; ಚರ್ಚೆಗೆ ಅವಕಾಶ ಸಿಗಲಿಲ್ಲ.

“ಎಲ್ಲ ಬಾಯಿಬಿಟ್ಟರೆ ಶತ್ರುವಿಗೆ ಲಾಭ” ಎನ್ನುತ್ತಾರೆ. ತುಕಡಿ ಎಲ್ಲಿದೆ ಎಂದು ಯಾರೂ ಕೇಳುತ್ತಿಲ್ಲ. ಯಾವ ಔಷಧಿಗೆ ನಾವು ಅವರನ್ನೇ ನೆಚ್ಚಿದ್ದೇವೆ ಎಂಬುದು ಮಾರುವ ಚೀನಾಕ್ಕೆ ಚೆನ್ನಾಗಿ ಗೊತ್ತು. ಗೊತ್ತಿಲ್ಲದವರು ನಾವು. ಈ ಗುಟ್ಟನ್ನು ಕಾಯುತ್ತಿರುವುದು ಮತದಾರರಿಂದ.

ನೀವು ಮುಂಬೈಯಲ್ಲಿರಿ, ಹೈದರಾಬಾದಿನಲ್ಲಿರಿ, ನಿಮಗೊಬ್ಬ ಸಂಸದರಿದ್ದಾರೆ. ಅವರು ಸ್ವದೇಶಿಯ ಭಾಷಣ ಮಾಡಲು ಬಂದಾಗ ಒಂದೇ ಪ್ರಶ್ನೆ ಕೇಳಿ: ಎರಡನೇ ಪಟ್ಟಿಯಲ್ಲಿ ಏನೇನಿದೆ, ಯಾವುದಕ್ಕೆ ಯಾವ ವರ್ಷದ ಗಡುವು? ಉತ್ತರ ಬರುವವರೆಗೆ ತಪಕೀರ್ ಗಲ್ಲಿಯವರನ್ನು ಅವರ ಪಾಡಿಗೆ ಬಿಡೋಣ. ಆ ಸೀರಿಯಲ್ ಸೆಟ್ ಕೊಂಡೆ. ಚೆನ್ನಾಗಿ ಉರಿಯುತ್ತಿದೆ.