ಮದುವೆಯ ಹೂವನ್ನು ಪ್ಯಾಕೇಜಿಗೆ ಬಿಡಬೇಡಿ

ಅಜೆಕಾರು, ಎಣ್ಣೆಹೊಳೆ, ಕಡ್ತಲ, ಅಂಡಾರು, ಶಿರ್ಲಾಲು, ಕೆರ್ವಾಶೆ ಸುತ್ತಿನ ಬಂಧುಗಳೇ,

ಆಟಿ ಕಳೆದು ಸೋಣ ಬಂತೆಂದರೆ ನಮ್ಮಲ್ಲಿ ಮದುವೆಯ ಮಾತುಕತೆ ಶುರು. ಸಭಾಭವನ ಹಿಡಿಯುವುದು, ಅಡುಗೆಯವರಿಗೆ ಹೇಳುವುದು, ಸೀರೆ, ಬಂಗಾರ, ಕಾಗದ ಹಂಚುವುದು ಎಲ್ಲಕ್ಕೂ ಮನೆಮಂದಿ ಸುತ್ತ ಕೂತು ಲೆಕ್ಕ ಹಾಕುತ್ತಾರೆ. ಸಾಂಬಾರಿಗೆ ಯಾವ ತರಕಾರಿ ಎಂಬುದಕ್ಕೂ ಚರ್ಚೆಯಾಗುತ್ತದೆ. ಹೂವಿನ ಮಾತು ಬಂದಾಗ ಮಾತ್ರ “ಅದು ಡೆಕೊರೇಶನ್‌ನವರ ಪ್ಯಾಕೇಜಿನಲ್ಲೇ ಉಂಟು” ಎಂದು ಯಾರೋ ಹೇಳುತ್ತಾರೆ, ವಿಷಯ ಅಲ್ಲಿಗೆ ಮುಗಿಯುತ್ತದೆ.

ಈ ಬಾರಿ ಹಾಗೆ ಮುಗಿಸಬೇಡಿ ಎಂದು ಕೇಳಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಮನೆಯ ಮದುವೆಯ ಹೂವನ್ನು ನೀವೇ ಆರಿಸಿ. ಅದು ಯಾರ ಅಂಗಳದಿಂದ ಬರುತ್ತದೆ, ಯಾರ ಮುಡಿಗೆ ಹೋಗುತ್ತದೆ, ಮದುವೆ ಮುಗಿದ ಮೇಲೆ ಎಲ್ಲಿಗೆ ಸೇರುತ್ತದೆ ಎಂಬ ಮೂರು ವಿಷಯಗಳನ್ನು ಮೊದಲೇ ತೀರ್ಮಾನಿಸಿ.

ಈಗ ಯಾವ ಮದುವೆಗೆ ಹೋದರೂ ವೇದಿಕೆಯ ಹಿಂದೆ ಬಿಳಿ, ಗುಲಾಬಿ ಬಣ್ಣದ ಅದೇ ಹೂಗೋಡೆ. ಹತ್ತಿರ ಹೋಗಿ ಮುಟ್ಟಿದರೆ ಅರ್ಧಕ್ಕರ್ಧ ಪಾಲಿಯೆಸ್ಟರ್. ಉಳಿದದ್ದು ಬೆಂಗಳೂರು ಕಡೆಯ ಪಾಲಿಹೌಸಿನ ಜರ್ಬೆರಾ, ಕಾರ್ನೇಶನ್. ಕೈ ಬಿಚ್ಚಿ ಖರ್ಚು ಮಾಡುವವರಿದ್ದರೆ ಥಾಯ್ಲೆಂಡಿನ ಆರ್ಕಿಡ್. ಮದುಮಕ್ಕಳ ಹೆಸರು ಬರೆದ ಬೋರ್ಡು ಬದಲಾಯಿಸಿದರೆ ಅದೇ ವೇದಿಕೆ ಮರುದಿನದ ಮದುವೆಗೂ ಆಗುತ್ತದೆ. ಲಕ್ಷಗಟ್ಟಲೆ ಸುರಿದು ಮಾಡುವ ಮದುವೆಯಲ್ಲಿ ನಮ್ಮ ಮನೆಯದು ಎಂದು ಹೇಳಿಕೊಳ್ಳುವ ಒಂದು ಎಸಳು ಕೂಡ ಇರುವುದಿಲ್ಲ.

ಇದು ನಡೆಯುತ್ತಿರುವುದು ದೇಶಕ್ಕೇ ಹೆಸರಾದ ಮಲ್ಲಿಗೆ ಬೆಳೆಯುವ ಜಿಲ್ಲೆಯಲ್ಲಿ. ಕಾಪು ತಾಲೂಕಿನ ಶಂಕರಪುರದ ಹೆಸರಿನಲ್ಲಿ ಮುಂಬಯಿಗೂ ಗಲ್ಫಿಗೂ ಹೋಗುವ ಉಡುಪಿ ಮಲ್ಲಿಗೆಗೆ ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆಗಳ ಜೊತೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಅದನ್ನು ಬೆಳೆಸುವುದು ಎಸ್ಟೇಟುಗಳಲ್ಲಿ ಅಲ್ಲ. ಮನೆಯ ಅಂಗಳದಲ್ಲಿ, ಬಾವಿಕಟ್ಟೆಯ ಪಕ್ಕದಲ್ಲಿ, ಈಗೀಗ ತಾರಸಿಯ ಕುಂಡಗಳಲ್ಲಿ. ನಸುಕಿನಲ್ಲೇ ಎದ್ದು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೊತ್ತೇರುವ ಮೊದಲು ಹೂವು ಮಾರುವ ಕಟ್ಟೆಗೆ ಕಳಿಸುವವರು ಹೆಚ್ಚಾಗಿ ಹೆಂಗಸರು. ಮಕ್ಕಳ ಶಾಲೆಯ ಶುಲ್ಕ, ಸಂಘದ ಸಾಲದ ಕಂತು, ಅತ್ತೆಯ ಮದ್ದು ಎಷ್ಟೋ ಮನೆಗಳಲ್ಲಿ ಈ ಗಿಡಗಳಿಂದಲೇ ನಡೆಯುತ್ತದೆ. ನಮ್ಮ ಕಾರ್ಕಳ ತಾಲೂಕಿನ ಮನೆಗಳಲ್ಲೂ ಮಲ್ಲಿಗೆ ಇದೆ. ನಿಮ್ಮ ಮದುವೆಗೆ ಬೇಕಾದ ಹೂವು ನಿಮ್ಮದೇ ರಸ್ತೆಯಲ್ಲಿ ಸಿಗಬಹುದು, ಕೇಳಬೇಕು, ಅಷ್ಟೇ.

“ಮಲ್ಲಿಗೆಗೆ ಬೆಂಕಿ ಬಿದ್ದಿದೆ, ಯಾರಿಗೆ ಕೈಗೆಟಕುತ್ತದೆ?” ಎಂಬ ಮಾತು ಬಂದೇ ಬರುತ್ತದೆ. ಹಾಗಾದರೆ ಲೆಕ್ಕವನ್ನೇ ಹಾಕೋಣ. ಸುಮಾರು 800 ಹೂವು ಸೇರಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಂದರೆ ಅಟ್ಟೆಗೆ ಸುಮಾರು 3,200 ಹೂವು. ಈಚಿನ ವರ್ಷಗಳಲ್ಲಿ ಕಟ್ಟೆಯ ಗರಿಷ್ಠ ದರ ಅಟ್ಟೆಗೆ 2,100 ರೂಪಾಯಿ. ಮದುವೆಗೆ ಬಂದ ಒಬ್ಬೊಬ್ಬ ಹೆಂಗಸಿಗೆ 40 ಹೂವಿನ ಒಂದು ತುಂಡು ಕೊಟ್ಟರೆ ಒಂದು ಅಟ್ಟೆ 80 ಮಂದಿಗೆ ಸಾಕು. ಕಟ್ಟೆಯ ದರ ತುದಿ ಮುಟ್ಟಿದ ದಿನವೂ ತಲೆಗೆ ಬೀಳುವುದು ಸುಮಾರು 26 ರೂಪಾಯಿ. ಅಂಗಡಿಯವರ ಲಾಭ, ಸಾಗಾಟ ಸೇರಿದರೆ ಇನ್ನಷ್ಟು ಆದೀತು. ಆದರೂ 200 ಮಂದಿ ಹೆಂಗಸರ ತಲೆಗೆ ಹೂವು ಮುಡಿಸುವ ಖರ್ಚು ವೇದಿಕೆಯ ಹೂಗೋಡೆಯ ಖರ್ಚಿನ ಮುಂದೆ ಏನೂ ಅಲ್ಲ. ಗೋಡೆಯನ್ನು ಎರಡು ಅಡಿ ಕಿರಿದು ಮಾಡಿ, ಆ ದುಡ್ಡಿನಲ್ಲಿ ಬಂದವರ ಮುಡಿ ತುಂಬಿಸಿ.

ದರದ ಏರಿಳಿತಕ್ಕೂ ಕಾರಣವಿದೆ. ಮಾರ್ಚಿನಿಂದ ಮೇ ತನಕ ಗಿಡ ತುಂಬ ಹೂವು. ಜಡಿಮಳೆಯಲ್ಲಿ ಮೊಗ್ಗು ಕೊಳೆಯುತ್ತದೆ. ಆದರೆ ಆಟಿಯಲ್ಲಿ ಮದುವೆ ಇಲ್ಲದ್ದರಿಂದ ಕೇಳುವವರೂ ಕಡಿಮೆ. ಡಿಸೆಂಬರ್, ಜನವರಿಯ ಚಳಿಗೆ ಗಿಡ ಹೂ ಬಿಡುವುದು ಕುಗ್ಗುತ್ತದೆ. ಕ್ರಿಸ್ಮಸ್ ಕಳೆದ ಮೇಲಿನ ಇಗರ್ಜಿ ಮದುವೆಗಳು, ಊರಿನ ಕೋಲ, ನೇಮ, ಜಾತ್ರೆಗಳು ಬರುವುದೂ ಆಗಲೇ. ಹೂವು ಕಮ್ಮಿ, ಬೇಡಿಕೆ ಜಾಸ್ತಿ. ದರ ತುದಿಗೆ ಹೋಗದೆ ಏನು ಮಾಡೀತು? ಆದ್ದರಿಂದ ಚಳಿಗಾಲದಲ್ಲಿ ಮದುವೆ ಇಟ್ಟುಕೊಂಡವರು ಮಲ್ಲಿಗೆಯನ್ನು ಮದುಮಗಳ ಜಡೆಗೂ ಹಂಚುವುದಕ್ಕೂ ಮೀಸಲಿಡಿ. ಮಂಟಪಕ್ಕೆ ಬೇರೆ ಹೂವು ನೋಡಿ. ದಿನ ಗೊತ್ತಾದ ಕೂಡಲೇ ಹೂ ಕಟ್ಟುವವರಿಗೆ ಹೇಳಿ, ಸ್ವಲ್ಪ ಮುಂಗಡವನ್ನೂ ಕೊಡಿ. ಹಿಂದಿನ ದಿನ ಸಂಜೆ ಅಂಗಡಿಯ ಮುಂದೆ ನಿಂತು ಚೌಕಾಸಿ ಮಾಡಿದರೆ ನಷ್ಟ ಇಬ್ಬರಿಗೂ. ಹೂ ಕಟ್ಟುವವರಲ್ಲೂ ಒಂದು ಮಾತು: ಮುಂಗಡ ಪಡೆದ ಮೇಲೆ ಚೆಂಡಿನ ಅಳತೆ ಕಮ್ಮಿಯಾಗದಿರಲಿ, ಮಾತು ಕೊಟ್ಟ ಹೂವು ಹೆಚ್ಚಿನ ದರಕ್ಕೆ ಬೇರೆ ಕಡೆ ಹೋಗದಿರಲಿ.

ಹೊತ್ತನ್ನೂ ನೋಡಬೇಕು. ನಸುಕಿನಲ್ಲಿ ಕೊಯ್ದ ಮಲ್ಲಿಗೆ ಮೊಗ್ಗು ಬಿರಿಯುವುದು ಅಂದು ಸಂಜೆಗೆ. ಸಂಜೆಯ ಮೆಹಂದಿ, ಕ್ರೈಸ್ತರ ರೋಸ್ ಶಾಸ್ತ್ರ, ರಿಸೆಪ್ಶನ್‌ಗೆ ಅಂದಿನ ಹೂವೇ ಚೆಂದ. ಬೆಳಗಿನ ಧಾರೆಗೆ ಅರಳಿದ ಹೂವೇ ಬೇಕೆಂದರೆ ಹಿಂದಿನ ದಿನವೇ ತರಿಸಿ, ಬಾಳೆಯೆಲೆಯಲ್ಲಿ ಸುತ್ತಿ ತಂಪಿನಲ್ಲಿಡಿ. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬಿಗಿದರೆ ಬೆವತು ಕಂದುತ್ತದೆ.

ಮಲ್ಲಿಗೆಯೊಂದೇ ನಮ್ಮ ಹೂವಲ್ಲ. ತಿಂಗಳು ನೋಡಿ, ಮನೆಯನ್ನೂ ನೋಡಿ ಆರಿಸಿ. ಬೇಸಗೆಯ ಮೊದಲಲ್ಲಿ ಸುರಗಿ ಇದೆ; ಒಣಗಿದ ಮೇಲೂ ಪರಿಮಳ ಬಿಡದ ಹೂವು ಅದು. ರಂಜೆಯೂ ಹಾಗೆಯೇ. ಅಬ್ಬಲಿಗೆಗೆ ಪರಿಮಳ ಇಲ್ಲದಿದ್ದರೂ ಮಲ್ಲಿಗೆಯ ನಡುವೆ ಕಟ್ಟಿದರೆ ಅದರ ಬಣ್ಣ ಎದ್ದು ಕಾಣುತ್ತದೆ, ಬೇಗ ಬಾಡುವುದೂ ಇಲ್ಲ. ಕೇಪಳ, ನಂದಿಬಟ್ಟಲು, ಸಂಪಿಗೆ, ತುಳಸಿ ಇವೆಲ್ಲ ಹಿತ್ತಿಲಲ್ಲೇ ಸಿಗುತ್ತವೆ. ಅಡಿಕೆ ತೋಟದ ನೆರಳಲ್ಲಿ ಆಂಥೂರಿಯಂ, ಹೆಲಿಕೋನಿಯಾ ಬೆಳೆಯುವವರಿದ್ದಾರೆ. ಫೋಟೋದಲ್ಲಿ ದೊಡ್ಡ ಹೂವು ಕಾಣಬೇಕು ಎನ್ನುವವರಿಗೆ ಅವು ವಾರಗಟ್ಟಲೆ ಬಾಳುವ ಹೂಗಳು. ಅಜ್ಜಿ ನೆಟ್ಟ ಸಂಪಿಗೆ ಮರವೊಂದು ಮನೆಯಲ್ಲಿದ್ದರೆ ಮದುಮಗಳ ಮಾಲೆಯಲ್ಲಿ ಅದರ ನಾಲ್ಕು ಹೂವಾದರೂ ಇರಲಿ. ಮದುಮಗನ ಮನೆಯ ಕಡೆ ಬೇರೆ ಹೂವಿನ ರೂಢಿ ಇದ್ದರೆ ಕೇಳಿ ತಿಳಿದು, ಎರಡು ಮನೆಯ ಹೂವನ್ನೂ ಒಂದೇ ಮಾಲೆಯಲ್ಲಿ ಕಟ್ಟಿಸಿ. ನಮ್ಮ ಮದುವೆ ಎಂದು ಗುರುತು ಹೇಳುವುದಕ್ಕೆ ಇದಕ್ಕಿಂತ ಹೆಚ್ಚಿನ ಅಲಂಕಾರ ಬೇಡ.

ಅಡಿಕೆಯ ಹೂವಾದ ಹಿಂಗಾರದ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಈಗ ಡೆಕೊರೇಶನ್‌ನವರಿಗೂ ಹಿಂಗಾರದ ಮೇಲೆ ಕಣ್ಣು ಬಿದ್ದಿದೆ. ಮಂಟಪದ ಕಂಬಕ್ಕೆ, ಬಾಗಿಲಿಗೆ ರಾಶಿ ರಾಶಿ ತೂಗಿಸುತ್ತಾರೆ. ನೋಡುವುದಕ್ಕೆ ಚೆಂದವೇ. ಆದರೆ ಒಂದು ಹಿಂಗಾರ ಕೊಯ್ದರೆ ಒಂದು ಗೊನೆ ಅಡಿಕೆ ಹೋಯಿತೆಂದೇ ಅರ್ಥ, ಮರ ವರ್ಷಕ್ಕೆ ಬಿಡುವುದು ಕೆಲವೇ ಗೊನೆ. ಕ್ರಮಕ್ಕೆ ಬೇಕಾದಷ್ಟು ಮಾತ್ರ ತನ್ನಿ. ನಾಗನಿಗೂ ದೈವಕ್ಕೂ ಕೊಡುವಾಗ ತೋಟದವರು ದುಡ್ಡು ಕೇಳಲಿಕ್ಕಿಲ್ಲ. ಮದುವೆಯ ಶೃಂಗಾರಕ್ಕೆ ಕೊಯ್ಯುವಾಗ ಆ ಗೊನೆಯ ಬೆಲೆ ಅವರಿಗೆ ಸಲ್ಲಬೇಕು.

ಡೆಕೊರೇಶನ್ ಮಾಡುವ ಅಣ್ಣಂದಿರೇ, ನಿಮ್ಮ ಹೊಟ್ಟೆಯ ಮೇಲೆ ಹೊಡೆಯುವ ಮಾತು ಇದಲ್ಲ. ಒಂದು ದಿನದ ಮದುವೆಗೆ ರಾತ್ರಿ ಇಡೀ ನಿದ್ದೆಗೆಟ್ಟು ದುಡಿಯುವವರು ನೀವು. ಬಾಡಿಗೆಗೆ ಕೊಡುವ ಬಟ್ಟೆಯ ಹೂವನ್ನು ನೀವು ಹತ್ತಾರು ಮದುವೆಗೆ ಬಳಸುತ್ತೀರಿ, ಅದನ್ನು ನಾಳೆಯೇ ಎಸೆಯಿರಿ ಎಂದು ಯಾರೂ ಹೇಳುವುದಿಲ್ಲ. ಕೇಳಿಕೊಳ್ಳುವುದು ಇಷ್ಟೇ. ಮಾಲೆ, ಮಂಟಪದ ಮುಂಭಾಗ, ಬಾಗಿಲ ತೋರಣ ಇವು ನಿಜವಾದ ಹೂವು, ಮಾವಿನೆಲೆ, ತೆಂಗಿನ ಗರಿಯದ್ದಾಗಿರಲಿ. ಅಲಂಕಾರಕ್ಕೆ ಥರ್ಮಾಕೋಲ್ ಬಳಸುವುದನ್ನು 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧಿಸಲಾಗಿದೆ. ಮದುಮಕ್ಕಳ ಹೆಸರನ್ನು ಅದರಲ್ಲಿ ಕೊರೆಯಬೇಡಿ. ಹೂವಿನ ಕಡ್ಡಿ ಚುಚ್ಚುವ ಹಸಿರು ಸ್ಪಂಜಿನ ಇಟ್ಟಿಗೆಯೂ ಪ್ಲಾಸ್ಟಿಕ್ಕೇ. ಪುಡಿಯಾಗಿ ನೀರಿಗೆ ಸೇರಿದರೆ ಅದನ್ನು ಹೆಕ್ಕಿ ತೆಗೆಯುವುದು ಸಾಧ್ಯವಿಲ್ಲ. ಲಂಡನ್ನಿನ ಹೆಸರಾಂತ ಚೆಲ್ಸಿಯಾ ಪುಷ್ಪಪ್ರದರ್ಶನ ನಡೆಸುವ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2021ರಿಂದ ತನ್ನ ಪ್ರದರ್ಶನಗಳಲ್ಲಿ ಇದನ್ನು ಬೇಡವೆಂದಿದೆ. ನಮಗಂತೂ ಬದಲಿ ಹುಡುಕುವ ಕಷ್ಟವೇ ಇಲ್ಲ. ಬಾಳೆದಿಂಡು ಇದೆ, ಕಡ್ಡಿ ಚುಚ್ಚಿದರೆ ನಿಲ್ಲುತ್ತದೆ, ತಾನೇ ನೀರು ಹಿಡಿದುಕೊಂಡಿರುತ್ತದೆ, ಮರುದಿನ ದನಕ್ಕೂ ಆಗುತ್ತದೆ.

ಇನ್ನು ಹೂವು ಯಾರ ಮುಡಿಗೆ ಎಂಬ ಮಾತು. ಧಾರೆಯ ಮದುವೆಗೂ, ಕೊಂಕಣಿ ಕ್ರೈಸ್ತರ ರೋಸಿಗೂ, ಜೈನರ ಮನೆಗೂ, ಬ್ಯಾರಿ ಮದುಮಗಳ ತಲೆಗೂ ನಮ್ಮಲ್ಲಿ ಅದೇ ಮಲ್ಲಿಗೆ. ಜಾತಿ, ಮತ ನೋಡದ ಹೂವು ಒಂದು ಕಡೆ ಮಾತ್ರ ಮುಖ ತಿರುಗಿಸುವಂತೆ ನಾವು ಮಾಡಿದ್ದೇವೆ. ಸಭಾಭವನದ ಬಾಗಿಲಲ್ಲಿ ಹೂವಿನ ತಟ್ಟೆ ಹಿಡಿದ ಹುಡುಗಿ ಎಲ್ಲರಿಗೂ ಕೊಡುತ್ತಾ ಬಂದು, ಗಂಡ ತೀರಿಕೊಂಡ ಹೆಂಗಸಿನ ಮುಂದೆ ಕೈ ಹಿಂದೆ ಎಳೆದುಕೊಳ್ಳುತ್ತಾಳೆ. ಮಗಳನ್ನು ಒಬ್ಬಳೇ ಸಾಕಿ ಬೆಳೆಸಿದ ತಾಯಿ ಮಗಳ ಮದುವೆಯಲ್ಲೇ ಹೂವಿಲ್ಲದೆ ಮೂಲೆಯಲ್ಲಿ ನಿಲ್ಲುತ್ತಾಳೆ. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ 2013ರಲ್ಲೇ ವಿಧವೆಯರನ್ನು ಅರ್ಚಕರನ್ನಾಗಿ ಮಾಡಿದ್ದಾರೆ. ದೇವರ ಪೂಜೆಗೆ ಆಗುವ ಕೈಗೆ ಒಂದು ತುಂಡು ಮಲ್ಲಿಗೆ ಕೊಡಲು ನಮಗೇನು ಅಡ್ಡಿ? ಮುಡಿಯುವುದು, ಬಿಡುವುದು ಅವರ ಇಷ್ಟ. ಕೊಡುವುದು ನಮ್ಮ ಕರ್ತವ್ಯ. ತಟ್ಟೆ ಹಿಡಿಯುವ ಮಕ್ಕಳಿಗೆ “ಯಾರನ್ನೂ ದಾಟಿ ಹೋಗಬೇಡಿ” ಎಂದು ಮನೆಯ ಹಿರಿಯರೇ ಮೊದಲು ಹೇಳಿ ಕಳಿಸಿ. ಹಿರಿಯರು ಹೇಳಿದ ಮೇಲೆ ಎದುರಾಡುವವರು ಕಡಿಮೆ.

ಕೊನೆಗೆ ಉಳಿಯುವುದು ಬಾಡಿದ ಹೂವು. ಮಾಲೆ, ತೋರಣ, ಪ್ಲಾಸ್ಟಿಕ್ ದಾರ, ಜರಿ, ಗುಂಡುಪಿನ್ನು, ಟೇಪು ಎಲ್ಲ ಸೇರಿದ ಗಂಟು ರಸ್ತೆಯ ಬದಿಗೋ ಸೇತುವೆಯ ಕೆಳಗೋ ಬೀಳುತ್ತದೆ. ಎಣ್ಣೆಹೊಳೆಯಲ್ಲಿ ಎಸೆದದ್ದು ಅಲ್ಲೇ ನಿಲ್ಲುವುದಿಲ್ಲ. ಅದು ಸ್ವರ್ಣಾ ನದಿಯ ನೀರು, ಕೆಳಗೆ ಬಜೆಯ ಅಣೆಕಟ್ಟಿನಲ್ಲಿ ನಿಂತು ಉಡುಪಿ, ಮಣಿಪಾಲದ ಮನೆಗಳ ನಳ್ಳಿಗೆ ಹೋಗುತ್ತದೆ. ಬಾಳೆನಾರಿನಲ್ಲಿ ಕಟ್ಟಿದ ಹೂವನ್ನು ಹಾಗೆಯೇ ತೆಂಗಿನ ಬುಡಕ್ಕೆ ಹಾಕಬಹುದು. ನೈಲಾನ್ ದಾರದ್ದಾದರೆ ಬಿಡಿಸಿ ಕೂರುವವರು ಯಾರು? ಆದ್ದರಿಂದ ಹೂವಿಗೆ ಹೇಳುವಾಗಲೇ ದಾರದ ಮಾತನ್ನೂ ಹೇಳಿ. ಸಭಾಭವನದ ಆಡಳಿತದವರು ಹೂವಿಗೆಂದೇ ಒಂದು ಗೊಬ್ಬರದ ಗುಂಡಿ ಮಾಡಿಸಲಿ, ಬುಕ್ಕಿಂಗ್ ಚೀಟಿಯಲ್ಲಿ ಅದನ್ನೊಂದು ನಿಯಮವಾಗಿ ಬರೆಯಲಿ. ಒಣ ಕಸ ವಿಂಗಡಿಸುವುದಕ್ಕೆ ನಮ್ಮ ತಾಲೂಕಿನ ನಿಟ್ಟೆಯಲ್ಲಿ ಎಂ.ಆರ್.ಎಫ್. ಘಟಕವೇ ಇದೆ. ಆದರೆ ಕೊಳೆತ ಹೂವಿನ ಜೊತೆ ಕಲಸಿಹೋದ ಪ್ಲಾಸ್ಟಿಕ್ಕನ್ನು ಯಾವ ಘಟಕವೂ ಸುಲಭದಲ್ಲಿ ಬೇರ್ಪಡಿಸಲಾರದು. ನಮ್ಮ ಮರ್ಣೆ ಪಂಚಾಯತ್‌ನವರಲ್ಲೂ ವಿನಂತಿ: ಮದುವೆಯ ಮರುದಿನ ಹಸಿ ಕಸ, ಒಣ ಕಸವನ್ನು ಬೇರೆ ಬೇರೆಯಾಗಿಯೇ ಕೊಡಬೇಕೆಂದು ಸಭಾಭವನಗಳಿಗೆ ಖಡಾಖಂಡಿತವಾಗಿ ತಿಳಿಸಿ.

ಇದರಲ್ಲಿ ಯಾವುದೂ ಹೊಸ ಕಾನೂನು ಬೇಡುವ ಕೆಲಸವಲ್ಲ, ಯಾರ ಸಂಪ್ರದಾಯಕ್ಕೂ ಅಡ್ಡ ಬರುವುದಿಲ್ಲ. ಪುರೋಹಿತರು, ಧರ್ಮಗುರುಗಳು, ಮಹಿಳಾ ಮಂಡಲದವರು, ಸ್ವಸಹಾಯ ಸಂಘದವರು ಮದುವೆ ಮನೆಗೆ ಹೋದಲ್ಲೆಲ್ಲ ಈ ವಿಷಯ ಎತ್ತಲಿ. ಸಂಘದ ಸಭೆಗಳಲ್ಲಿ ನಮ್ಮ ಸುತ್ತಿನ ಹೂ ಬೆಳೆಯುವವರ, ಕಟ್ಟುವವರ ಹೆಸರು ಸೇರಿಸಿ ಒಂದು ಪಟ್ಟಿ ಮಾಡಿ, ಅವರ ಒಪ್ಪಿಗೆ ಪಡೆದು ಸಭಾಭವನಗಳ ಕಚೇರಿಯಲ್ಲಿ ಹಚ್ಚಲಿ. ಬುಕ್ಕಿಂಗಿಗೆ ಬಂದ ಮನೆಯವರ ಕಣ್ಣಿಗೆ ಡೆಕೊರೇಶನ್‌ನವರ ಆಲ್ಬಮ್ಮಿಗಿಂತ ಮೊದಲು ಆ ಪಟ್ಟಿ ಬೀಳಲಿ.

ಈ ವರ್ಷ ಮನೆಯಲ್ಲಿ ಮದುವೆ ಇರುವವರು ದಿನ ಗೊತ್ತಾದ ವಾರದಲ್ಲೇ ಹೂ ಕಟ್ಟುವ ಒಬ್ಬ ಅಕ್ಕನಿಗೆ ದಿನಾಂಕ ತಿಳಿಸಿ, ಬೇಕಾದ ಹೂವು, ಬೇಕಾದ ಹೊತ್ತು, ಬಾಳೆನಾರು ಎಂದು ಚೀಟಿಯಲ್ಲಿ ಬರೆದುಕೊಟ್ಟು ಬನ್ನಿ. ಅಷ್ಟು ಮಾಡಿದ ಮೇಲೆ ಪ್ಯಾಕೇಜಿನ ಮಾತು ಆಡಿದರೆ ಸಾಕು.