ಮೆಡಿಕಲ್‌ನಲ್ಲಿ ‘ಅನ್‌ಫಿಟ್’ ಆದ ಮೇಲೆ

ನಮ್ಮ ಮನೆಗಳಲ್ಲಿ ಎಚ್‌ಐವಿ ಪರೀಕ್ಷೆ ಅಂದರೆ ಗಲ್ಫ್‌ಗೆ ಹೋಗುವ ಮುಂಚಿನ ಮೆಡಿಕಲ್. ಬೇರೆ ಸಮಯದಲ್ಲಿ ಆ ಹೆಸರೇ ಬಾಯಿಗೆ ಬರುವುದಿಲ್ಲ. ಸೌದಿ, ದುಬೈ, ಕತಾರ್, ಎಲ್ಲಿಯ ಕೆಲಸದ ವೀಸಾ ಆದರೂ ರಕ್ತ ಕೊಡಬೇಕು. ಸೋಂಕು ಇದ್ದರೆ ‘ಅನ್‌ಫಿಟ್’. ಅಲ್ಲಿಗೆ ಹೋದ ಮೇಲೆ ಗೊತ್ತಾದರೆ ವಾಪಸ್ ಕಳಿಸುತ್ತಾರೆ. ಹಾಗಾಗಿ ಈ ಪರೀಕ್ಷೆ ಅಂದರೆ ನಮಗೆ ಅನ್ನಕ್ಕೆ ಕಲ್ಲು ಹಾಕುವ ವಿಷಯ, ಆರೋಗ್ಯದ ವಿಷಯವೇ ಅಲ್ಲ.

ಅನ್‌ಫಿಟ್ ಆದವನು ಮನೆಯಲ್ಲಿ "ಬಿಪಿ ಜಾಸ್ತಿ ಉಂಟಂತೆ" ಅಂತ ಏನೋ ಹೇಳಿ ಸುಮ್ಮನಾಗುತ್ತಾನೆ. ಆ ಚೀಟಿ ಅವನನ್ನು ವಿಮಾನ ಹತ್ತದಂತೆ ತಡೆಯಿತೇ ಹೊರತು ಮದ್ದಿನ ಹತ್ತಿರ ಕಳಿಸಲಿಲ್ಲ. ಎಷ್ಟೋ ಸಲ ಹೆಂಡತಿಗೆ ತಿಳಿಯುವುದು ಗರ್ಭಿಣಿಯಾಗಿ ರಕ್ತ ಪರೀಕ್ಷೆಗೆ ಹೋದಾಗ. ಮದ್ದಿಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ಹೋಗುವ ಸಾಧ್ಯತೆ ಶೇ. 15ರಿಂದ 45. ಸಮಯಕ್ಕೆ ಸರಿಯಾಗಿ ಮದ್ದು ಸಿಕ್ಕರೆ ಅದು ಶೇ. 5ಕ್ಕಿಂತ ಕೆಳಗೆ ಇಳಿಯುತ್ತದೆ. ಎರಡರ ನಡುವೆ ಇರುವುದು ಒಂದು ಪರೀಕ್ಷೆ ಮಾತ್ರ.

ಅನ್‌ಫಿಟ್ ಆದವರು ಮೊದಲು ಹೋಗಬೇಕಾದದ್ದು ವೆನ್‌ಲಾಕ್‌ನಂಥ ಸರಕಾರಿ ಆಸ್ಪತ್ರೆಯ ಐಸಿಟಿಸಿ ಕೇಂದ್ರಕ್ಕೆ. ದುಡ್ಡು ಬೇಡ. ಒಂದೇ ಪರೀಕ್ಷೆ ನೋಡಿ ಪಾಸಿಟಿವ್ ಅನ್ನುವುದಿಲ್ಲ, ಮೂರು ಬೇರೆ ಬೇರೆ ಪರೀಕ್ಷೆ ಮಾಡಿ ಖಾತ್ರಿ ಮಾಡುತ್ತಾರೆ. ಎಆರ್‌ಟಿ ಮದ್ದು 2004ರಿಂದಲೇ ಉಚಿತವಾಗಿ ಸಿಗುತ್ತಿದೆ. ದಿನವೂ ತಪ್ಪದೆ ತೆಗೆದುಕೊಂಡು ರಕ್ತದಲ್ಲಿ ವೈರಸ್ ಕಾಣದಷ್ಟು ಇಳಿದರೆ, ಗಂಡನಿಂದ ಹೆಂಡತಿಗೆ ದಾಂಪತ್ಯದಲ್ಲಿ ಹರಡುವುದಿಲ್ಲ. ಇದು ನಮ್ಮಲ್ಲಿ ಓದಿದವರಿಗೂ ಗೊತ್ತಿಲ್ಲ ಮಾರಾಯ್ರೆ.

"ಊರಿಗೆಲ್ಲ ಗೊತ್ತಾದರೆ?" ಎಂಬ ಹೆದರಿಕೆ ಸುಳ್ಳಲ್ಲ. ಆದರೆ 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯ್ದೆ ಪ್ರಕಾರ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವ ಹಾಗಿಲ್ಲ, ಕಾಯ್ದೆಯೇ ಹೇಳಿದ ಕೆಲವು ಸಂದರ್ಭ ಬಿಟ್ಟರೆ ರಿಪೋರ್ಟ್ ಬೇರೆಯವರಿಗೆ ಹೇಳುವ ಹಾಗೂ ಇಲ್ಲ. ಸೋಂಕಿದೆ ಅಂತ ಕೆಲಸದಿಂದ ತೆಗೆದರೆ ಅದೂ ತಪ್ಪು. ಗಲ್ಫ್ ವೀಸಾಕ್ಕೆ ಈ ಕಾನೂನು ನಡೆಯುವುದಿಲ್ಲ, ಅದು ಬೇರೆ ಮಾತು.

ನಿಕಾಹ್‌ಗೆ ಮುಂಚೆ ಜಮಾಅತ್‌ನವರೇ ರಿಪೋರ್ಟ್ ಕೇಳಲಿ ಅನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಕಮಿಟಿ ಕೈಗೆ ಬಂದ ಕಾಗದ ಗುಟ್ಟಾಗಿ ಉಳಿದದ್ದು ಯಾವಾಗ? ಅಲ್ಲದೆ ಸೋಂಕು ತಗಲಿದ ಮೊದಲ ಕೆಲವು ವಾರ, ಕೆಲವರಿಗೆ ಮೂರು ತಿಂಗಳವರೆಗೂ, ಪರೀಕ್ಷೆಯಲ್ಲಿ ಕಾಣದೆ ಇರಬಹುದು. ಹುಡುಗ ಹುಡುಗಿ ತಾವಾಗಿಯೇ ಹೋಗಿ ಮಾಡಿಸಿಕೊಳ್ಳಲಿ, ಫಲಿತಾಂಶ ಅವರ ನಡುವೆಯೇ ಇರಲಿ. ರಜೆಗೆ ಬಂದ ಗಂಡಂದಿರೂ ಹೆಂಡತಿಯ ಜೊತೆಗೇ ಹೋಗಿ ಬರಬಹುದು. ಹತ್ತಿರದ ಕೇಂದ್ರ ಎಲ್ಲಿ ಉಂಟು ಅಂತ 1097ಕ್ಕೆ ಫೋನ್ ಮಾಡಿದರೆ ಹೇಳುತ್ತಾರೆ, ಆ ಕರೆಗೂ ದುಡ್ಡಿಲ್ಲ.